ಕೊನೆಯ ಪಂಕ್ತಿಯ ಊಟ

ಹಲಸೂರಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ ಎಂಟನೆಯ ತರಗತಿಯ ಮಕ್ಕಳಿಗೆ ಪ್ರತಿ ವರ್ಷ ಒಂದು ಮನೆಗೆಲಸ ಕೊಡುತ್ತಿದ್ದೆ. ನಿನ್ನೆ ರಾತ್ರಿ ನಿಮ್ಮ ಮನೆಯಲ್ಲಿ ಯಾರು ಏನು ಉಂಡರು, ಬರೆದು ತನ್ನಿ. ಆಹಾರದ ಪಾಠ ಬೋರ್ಡಿನ ಮೇಲೇ ಒಣಗಬಾರದೆಂಬ ಆಸೆ. ಒಂದು ವರ್ಷ ಶಿವಾಜಿನಗರದಿಂದ ಬರುತ್ತಿದ್ದ ಹುಡುಗಿಯೊಬ್ಬಳ ಪುಸ್ತಕದಲ್ಲಿ ಹೀಗಿತ್ತು: ಅಪ್ಪ, ಅನ್ನ ಸಾರು ಎರಡು ಮೊಟ್ಟೆ. ಅಣ್ಣ, ಅನ್ನ ಸಾರು ಒಂದು ಮೊಟ್ಟೆ. ನಾನು, ಅನ್ನ ಸಾರು ಅರ್ಧ ಮೊಟ್ಟೆ. ಅತ್ತಿಗೆ, ಉಳಿದದ್ದು.

“ಉಳಿದದ್ದು ಅಂದರೆ ಏನಮ್ಮ?” ಎಂದು ಕೇಳಿದೆ.

“ಗೊತ್ತಿಲ್ಲ ಮಿಸ್. ಅತ್ತಿಗೆ ಕೊನೇಲಿ ಉಣ್ತಾರೆ. ಅಷ್ಟು ಹೊತ್ತಿಗೆ ನಾನು ಮಲಗಿರ್ತೀನಿ.”

ಅತ್ತಿಗೆಗೆ ಆಗ ಏಳು ತಿಂಗಳಂತೆ.

ನಾನು ಪುಸ್ತಕಕ್ಕೆ ಸಹಿ ಹಾಕಿ ಕೊಟ್ಟುಬಿಟ್ಟೆ. ಹೇಳುವ ಬಾಯಿ ನನಗಿರಲಿಲ್ಲ. ಅದಕ್ಕೆ ಕೆಲವು ವರ್ಷ ಮೊದಲು, 1993ರಲ್ಲಿ, ನಾನೇ ಬಸುರಿಯಾಗಿದ್ದಾಗ ನಡೆದದ್ದು ಬೇರೆಯೇನಲ್ಲ. “ಮಗು ದಪ್ಪ ಆದರೆ ಹೆರಿಗೆ ಕಷ್ಟ ಕಣಮ್ಮ, ಸ್ವಲ್ಪ ಬಾಯಿ ಕಟ್ಟು” ಎಂದಿದ್ದರು ನಮ್ಮತ್ತೆ. ಅವರು ಕೆಟ್ಟವರಲ್ಲ. ಅವರ ಅಕ್ಕ ಹೆರಿಗೆಯಲ್ಲೇ ತೀರಿಕೊಂಡಿದ್ದರು. ಆ ಭಯ ಅವರನ್ನು ಬಿಟ್ಟಿರಲಿಲ್ಲ. ಎಂಟನೆಯ ತಿಂಗಳಿಂದ ನನ್ನ ಮುದ್ದೆ ಅರ್ಧವಾಯಿತು, ಹಾಲು ನಿಂತಿತು. ಬಿ.ಎಸ್ಸಿ. ಓದಿ ಪಾಠ ಹೇಳುತ್ತಿದ್ದ ನಾನು ಎದುರು ಮಾತಾಡಲಿಲ್ಲ. ಮಗಳು ಹುಟ್ಟಿದಾಗ ಎರಡು ಕಿಲೋ ನೂರು ಗ್ರಾಂ ಇದ್ದಳು. ಎರಡೂವರೆ ಕಿಲೋಗಿಂತ ಕಡಿಮೆಯಾದರೆ ಕಡಿಮೆ ತೂಕದ ಕೂಸು ಎನ್ನುತ್ತಾರೆ. ಅದಕ್ಕೆ ಊಟವೊಂದೇ ಕಾರಣವೆಂದು ಯಾವ ಡಾಕ್ಟರೂ ಹೇಳಲಾರರು. ಅಲ್ಲವೆಂದೂ ಯಾರೂ ನನಗೆ ಹೇಳಲಿಲ್ಲ.

ಆ ಮಗಳೇ ಈಗ ಗರ್ಭಿಣಿ, ಇರುವುದು ಕೆ.ಆರ್.ಪುರದಲ್ಲಿ. ಮೊನ್ನೆ ಫೋನು ಮಾಡಿ, “ಅಮ್ಮಾ, ಇವರು ಪ್ರೋಟೀನ್ ಪೌಡರ್ ತಂದಿದಾರೆ. ದಿನಕ್ಕೆ ಎಷ್ಟು ಚಮಚ ಹಾಕ್ಕೊಳ್ಲಿ?” ಎಂದಳು. ನಾಳೆ ಹೇಳುತ್ತೇನೆಂದು ಫೋನಿಟ್ಟು, ಕಾಗದ ಪೆನ್ಸಿಲು ಹಿಡಿದು ಕೂತೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಲೆಕ್ಕದಂತೆ 55 ಕಿಲೋ ತೂಕದ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ ಪ್ರೋಟೀನ್ ಬೇಕು. ನಾವು ಹಿಂದೆ ಸಸಾರಜನಕ ಎಂದು ಬರೆಸುತ್ತಿದ್ದೆವಲ್ಲ, ಅದೇ. ಗರ್ಭದ ನಡುವಿನ ಮೂರು ತಿಂಗಳಲ್ಲಿ ಇದರ ಮೇಲೆ ಒಂಬತ್ತೂವರೆ ಗ್ರಾಂ ಹೆಚ್ಚಿಗೆ, ಕೊನೆಯ ಮೂರು ತಿಂಗಳಲ್ಲಿ 22 ಗ್ರಾಂ ಹೆಚ್ಚಿಗೆ. ಮಗು ಬೇಗಬೇಗ ಬೆಳೆಯುವುದೇ ಆಗ. ನಮ್ಮತ್ತೆ ನನಗೆ ಬಾಯಿ ಕಟ್ಟಿಸಿದ್ದೂ ಆಗಲೇ!

ಇನ್ನು ಈ 22 ಗ್ರಾಂ ಎಂದರೆಷ್ಟು? ಒಂದು ಮೊಟ್ಟೆಯಲ್ಲಿ ಆರು ಗ್ರಾಂ, ಒಂದು ಲೋಟ ಹಾಲಿನಲ್ಲಿ ಆರು, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ ಏಳು. ಒಂದು ಸಣ್ಣ ಬಟ್ಟಲು ಗಟ್ಟಿ ಬೇಳೆ ಸೇರಿದರೆ ಲೆಕ್ಕ ತುಂಬಿತು. ಮೊಟ್ಟೆ ತಿನ್ನದವರು ಕಾಳು, ಮೊಸರು ಹೆಚ್ಚಿಸಬಹುದು. ಅನ್ನದ ಪ್ರೋಟೀನಿನ ಕೊರತೆಯನ್ನು ಬೇಳೆ ತುಂಬುತ್ತದೆ, ಬೇಳೆಯದನ್ನು ಅನ್ನ ತುಂಬುತ್ತದೆ. ನಮ್ಮ ಹುಳಿಯನ್ನಕ್ಕೆ ಇದು ಮೊದಲಿಂದ ಗೊತ್ತು. ಆದರೆ ಹೊಟ್ಟೆ ತುಂಬ ಉಣ್ಣದೆ ಪ್ರೋಟೀನನ್ನಷ್ಟೇ ತಿಂದರೆ ದೇಹ ಅದನ್ನೂ ಉರಿಸಿಬಿಡುತ್ತದೆ, ಸೌದೆಯಿಲ್ಲದ ಮನೆಯಲ್ಲಿ ಕುರ್ಚಿಯ ಕಾಲು ಮುರಿದು ಒಲೆಗಿಟ್ಟಂತೆ.

ಹೆಚ್ಚಾದರೆ ಒಳ್ಳೆಯದೇ ಅಲ್ಲವೆ ಎನ್ನಬೇಡಿ. ನ್ಯೂಯಾರ್ಕಿನಲ್ಲಿ ಬಡ ಗರ್ಭಿಣಿಯರಿಗೆ ಪ್ರೋಟೀನ್ ತುಂಬಿದ ಪಾನೀಯ ಕೊಟ್ಟು ನೋಡಿದ ಅಧ್ಯಯನವೊಂದು 1980ರಲ್ಲಿ ಪ್ರಕಟವಾಯಿತು. ಅದನ್ನು ಕುಡಿದವರಲ್ಲಿ ತೀರ ದಿನ ತುಂಬದ ಹೆರಿಗೆಗಳು, ಅಂಥ ಕೂಸುಗಳ ಸಾವು ಹೆಚ್ಚೇ ಕಂಡವು. ವಿಶ್ವ ಆರೋಗ್ಯ ಸಂಸ್ಥೆ ಕೂಡ 2016ರಲ್ಲಿ, ಗರ್ಭಿಣಿಯರಿಗೆ ಹೆಚ್ಚು ಪ್ರೋಟೀನಿನ ಪೂರಕಗಳು ಬೇಡವೆಂದಿತು. ಡಾಕ್ಟರು ನೋಡಿ ಬರೆದುಕೊಟ್ಟರೆ ಆ ಮಾತು ಬೇರೆ.

ನಮ್ಮ ಸರ್ಕಾರ 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆ ಆರಂಭಿಸಿದಾಗ ಗರ್ಭಿಣಿಯರು, ಬಾಣಂತಿಯರು ಅಂಗನವಾಡಿಗೇ ಬಂದು ಮಧ್ಯಾಹ್ನದ ಬಿಸಿಯೂಟ ಮಾಡಬೇಕೆಂದು ಗೊತ್ತುಮಾಡಿತು. ಅನ್ನ, ಸಾಂಬಾರು, ಮೊಟ್ಟೆ, ಹಾಲು, ಕಡಲೆಕಾಯಿ ಚಿಕ್ಕಿ. ತುಂಬಿದ ಹೊಟ್ಟೆ ಹೊತ್ತು ಅಷ್ಟು ದೂರ ನಡೆಯುವುದು ಕಷ್ಟವೆಂದು ಗೊಣಗಿದವರೂ ಇದ್ದರು, ತಪ್ಪಲ್ಲ. ಆದರೆ ಅಲ್ಲೇ ಏಕೆ ಉಣ್ಣಬೇಕೆಂಬುದು ನನಗೆ ಆ ಹುಡುಗಿಯ ಪುಸ್ತಕ ನೆನಪಾದ ಮೇಲೆ ಅರ್ಥವಾಯಿತು. ಮನೆಗೆ ಹೋದ ಮೊಟ್ಟೆ ಯಾರ ತಟ್ಟೆಗೆ ಹೋಗುತ್ತದೆಂದು ಯಾರು ಬಲ್ಲರು?

ಲೆಕ್ಕದ ಕಾಗದ ಹಿಡಿದು ಕೆ.ಆರ್.ಪುರಕ್ಕೆ ಹೋದೆ. ರಾತ್ರಿ ಮೊಟ್ಟೆ ಸಾರು. ಮಗಳು ಅಳಿಯನಿಗೆ ಎರಡು ಹಾಕಿದಳು, ನನಗೆರಡು. ಪಾತ್ರೆ ಬಗ್ಗಿಸಿ ನೋಡಿದೆ, ಬರೀ ಸಾರು. ಎರಡು ಸಂಬಳದ ಮನೆ ಅದು, ಮೊಟ್ಟೆಗೆ ಬರವಿರಲಿಲ್ಲ.

“ನಿನಗೆ?”

“ನಾನು ಪೌಡರ್ ಕುಡೀತೀನಲ್ಲಮ್ಮಾ.”

ನನ್ನ ತಟ್ಟೆಯನ್ನು ಅವಳ ಮುಂದಿಟ್ಟು ಕೂರಿಸಿದೆ. ಅಳಿಯ ಏನೂ ಮಾತಾಡದೆ ಎದ್ದು ಹೋಗಿ ಇನ್ನೆರಡು ಮೊಟ್ಟೆ ಬೇಯಲಿಟ್ಟರು. ಮಾರನೆಯ ದಿನ ಡಬ್ಬವನ್ನು ಅಂಗಡಿಗೆ ಒಯ್ದರು. ಮುಚ್ಚಳ ತೆಗೆದದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲವಂತೆ.