ಗಿಡವಾಗಿ ಬಗ್ಗದ್ದು

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?' ಎಂಬ ಗಾದೆಯನ್ನು ಹಿರಿಯರು ನಡತೆಯ ವಿಷಯದಲ್ಲಿ ಹೇಳುವುದುಂಟು. ಮಕ್ಕಳ ಮೊಣಕಾಲಿನ ವಿಷಯದಲ್ಲಿಯೂ ಅದು ಅಷ್ಟೇ ಸತ್ಯ. 1741ರಲ್ಲಿ ಫ್ರಾನ್ಸಿನ ವೈದ್ಯ ನಿಕೊಲಾ ಆಂದ್ರಿ ಮಕ್ಕಳ ಅಂಗವಕ್ರತೆಯನ್ನು ಕುರಿತು ಗ್ರಂಥವೊಂದನ್ನು ರಚಿಸಿದನು. ಗೂಟಕ್ಕೆ ಹಗ್ಗದಿಂದ ಬಿಗಿದ ಡೊಂಕು ಎಳೆಮರದ ಚಿತ್ರ ಅದರಲ್ಲಿದೆ. ಇಂದಿಗೂ ಮೂಳೆವೈದ್ಯರ ಅನೇಕ ಸಂಘಗಳಿಗೆ ಅದೇ ಲಾಂಛನ.

ಎಲ್ಲ ಡೊಂಕೂ ರೋಗವಲ್ಲ. ಹಸುಗೂಸಿನ ಕಾಲುಗಳು ಬಿಲ್ಲಿನಂತೆ ಹೊರಬಾಗಿರುತ್ತವೆ. ಸುಮಾರು ಎರಡು ವರ್ಷಕ್ಕೆ ನೆಟ್ಟಗಾಗಿ, ಮೂರು-ನಾಲ್ಕನೆಯ ವಯಸ್ಸಿನಲ್ಲಿ ಒಳಕ್ಕೆ ವಾಲುತ್ತವೆ. ಏಳರ ಹೊತ್ತಿಗೆ ತಾವಾಗಿಯೇ ಸರಿಹೊಂದುತ್ತವೆ. ಇದು ಪ್ರಕೃತಿಯ ಕ್ರಮ. ಆದರೆ ಒಂದೇ ಕಾಲು ಬಾಗಿದ್ದರೆ, ಏಳು ವರ್ಷದ ಮೇಲೂ ಬಾಗು ಹೆಚ್ಚುತ್ತಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ಎಲ್ಲ ನೋವೂ ಅಪಾಯಕರವಲ್ಲ. ಕಬಡ್ಡಿ, ಖೊಖೊ ಆಡುವ ಹದಿವಯಸ್ಸಿನವರಿಗೆ ಮೊಣಚಿಪ್ಪಿನ ಕೆಳಗೆ ಗಂಟೆದ್ದು ನೋಯುವುದುಂಟು. ಬಾಸ್ಟನ್ನಿನ ಆಸ್‌ಗುಡ್, ಜ್ಯೂರಿಕ್ಕಿನ ಷ್ಲಾಟರ್ ಎಂಬ ವೈದ್ಯರು 1903ರಲ್ಲಿ ಇದನ್ನು ಬೇರೆ ಬೇರೆಯಾಗಿ ವರ್ಣಿಸಿದರು. ಆಟವನ್ನು ಕೆಲಕಾಲ ತಗ್ಗಿಸಿದರೆ ನೋವು ಶಮನವಾಗುತ್ತದೆ. ಬೆಳವಣಿಗೆ ಮುಗಿದಾಗ ಸಾಮಾನ್ಯವಾಗಿ ಮಾಯವಾಗುತ್ತದೆ. ಕೆಲವೊಮ್ಮೆ ದೋಷ ಸೊಂಟದ ಕೀಲಿನಲ್ಲಿದ್ದು, ನೋವು ಮಾತ್ರ ಮೊಣಕಾಲಿನಲ್ಲಿ ಕಾಣಿಸುತ್ತದೆ. ಆದುದರಿಂದ ಬಲ್ಲ ವೈದ್ಯನು ಮೊಣಕಾಲು ನೋವೆಂದು ಬಂದ ಮಗುವಿನ ಸೊಂಟವನ್ನೂ ಪರೀಕ್ಷಿಸುತ್ತಾನೆ.

ಹುಲಿಹೈದರವಿರುವ ಕೊಪ್ಪಳ ಜಿಲ್ಲೆಯಲ್ಲಿ ಮತ್ತೊಂದು ಎಚ್ಚರ ಬೇಕು. ಕುಷ್ಟಗಿ, ಯಲಬುರ್ಗಾ ಭಾಗದ ಅನೇಕ ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ನೆಲದೊಳಗಿನ ಕಲ್ಲಿನಿಂದ ಕರಗಿ ಬರುವ ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ಹಲ್ಲಿನ ಮೇಲೆ ಕಲೆ ಮೂಡುತ್ತದೆ. ವರ್ಷಗಳು ಕಳೆದಂತೆ ಮೂಳೆ ಕೆಡುತ್ತದೆ. ಭಾರತದಲ್ಲಿ ಈ ರೋಗವನ್ನು 1937ರಲ್ಲಿ ಮದರಾಸು ಪ್ರಾಂತ್ಯದ ನೆಲ್ಲೂರಿನ ಕಡೆ ಗುರುತಿಸಲಾಯಿತು. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ ಅವರು, ಇಂಥ ನೀರು ಕುಡಿಯುವ ಆಂಧ್ರಪ್ರದೇಶದ ಹಳ್ಳಿಗಳ ಎಳೆಯರಲ್ಲಿ ಮೊಣಕಾಲುಗಳು ಒಳಕ್ಕೆ ಬಾಗುವುದನ್ನು ವರದಿ ಮಾಡಿದರು. ಸುಣ್ಣದಂಶ ಕಡಿಮೆಯಿರುವ ಆಹಾರದಿಂದ ಹಾನಿ ಇನ್ನೂ ಹೆಚ್ಚುತ್ತದೆ.

ಮಗು ತೊಡರುತ್ತ ನಡೆಯುವುದನ್ನು ಕಂಡ ತಾಯಿ 'ಹಣೆಬರಹ' ಎಂದು ನಿಟ್ಟುಸಿರಿಡುತ್ತಾಳೆ. ಸಹಪಾಠಿಗಳು ಅಡ್ಡಹೆಸರಿಟ್ಟು ಕೂಗುತ್ತಾರೆ. ನಾಚಿದ ಮಗು ಶಾಲೆಯನ್ನೇ ಬಿಟ್ಟರೆ, ಕಾಲಿನ ಡೊಂಕು ಬಾಳಿನ ಡೊಂಕಾಗುತ್ತದೆ. ಅದು ಹಣೆಬರಹವಲ್ಲ, ನೀರಿನ ಬರಹ. ನೀರನ್ನು ಬದಲಿಸಿದರೆ ಮುಂದಿನ ಮಗುವಾದರೂ ಉಳಿಯುತ್ತದೆ. ಕುದಿಸುವುದರಿಂದ ಫ್ಲೋರೈಡು ಹೋಗದು. ಶುದ್ಧೀಕರಣ ಘಟಕದ ನೀರು, ಶೇಖರಿಸಿದ ಮಳೆನೀರು ಬೇಕು. ಊಟದಲ್ಲಿ ಹಾಲು, ರಾಗಿ, ಸೊಪ್ಪು ಇರಬೇಕು.

ಬಾಗಿದ ಕಾಲಿಗೂ ಉಪಾಯವುಂಟು. ಮೊಣಕಾಲಿನ ಬಳಿ ಮೂಳೆ ಬೆಳೆಯುವ ಪದರವಿದೆ. ಕಾಲು ಒಳಕ್ಕೆ ವಾಲಿದ್ದರೆ ಶಸ್ತ್ರವೈದ್ಯರು ಆ ಪದರದ ಒಳಬದಿಗೆ ಪುಟ್ಟ ಲೋಹದ ಪಟ್ಟಿಯನ್ನು ಕೂರಿಸುತ್ತಾರೆ. ಆ ಬದಿಯ ಬೆಳವಣಿಗೆ ತಡೆದು, ಇನ್ನೊಂದು ಬದಿ ಬೆಳೆಯುತ್ತ ಕಾಲು ಮೆಲ್ಲಗೆ ನೆಟ್ಟಗಾಗುತ್ತದೆ. ಆಂದ್ರಿಯ ಗೂಟವೂ ಹಗ್ಗವೂ ಇಲ್ಲಿ ಮೂಳೆಯೊಳಗೇ ಸೇರಿದಂತಾಯಿತು. ಬೆಳವಣಿಗೆ ನಿಂತ ಮೇಲೆ ಈ ಉಪಾಯ ಸಲ್ಲದು. ಮೂಳೆಯನ್ನೇ ಕತ್ತರಿಸಿ ಜೋಡಿಸಬೇಕಾಗುತ್ತದೆ. ಆದುದರಿಂದ ಗೆಳೆಯನ ನಡಿಗೆಯನ್ನು ಕಂಡು ನಗುವ ಬದಲು, ಅವನನ್ನು ಸಕಾಲದಲ್ಲಿ ವೈದ್ಯರ ಬಳಿಗೆ ಕರೆದೊಯ್ಯುವಂತೆ ಹಿರಿಯರಿಗೆ ತಿಳಿಸುವುದೇ ನಿಜವಾದ ಸ್ನೇಹ.