ವೋಲ್ವೋ ಅಂದ್ರೆ ಬಸ್ಸು ಕನ್ಲಾ!

ಆಫೀಸಿನ ಗೆಳೆಯನಿಗೆ ಸೆಕೆಂಡ್ ಹ್ಯಾಂಡ್ ವೋಲ್ವೋ ವಿ40 ಕ್ರಾಸ್ ಕಂಟ್ರಿ ಮೇಲೆ ಮನಸ್ಸಾಗಿದೆ. 2013ರಲ್ಲಿ ಇಲ್ಲಿಗೆ ಬಂದಾಗ ಬೆಲೆ ಸುಮಾರು 28 ಲಕ್ಷ! ಸುರಕ್ಷತೆಯಲ್ಲಿ ಎರಡು ಮಾತಿಲ್ಲ ಬಿಡಿ. 2012ರಲ್ಲೇ ವಿ40ಗೆ ಯೂರೋ ಎನ್‌ಕ್ಯಾಪ್ ಐದು ಸ್ಟಾರ್ ಸಿಕ್ಕಿತ್ತು. ಆದ್ರೆ ಹೆಸರಿಗಷ್ಟೇ ಕ್ರಾಸ್ ಕಂಟ್ರಿ... ಇಲ್ಲಿ ಬಂದ ಡೀಸೆಲ್ ಗಾಡಿಯನ್ನ ಎಳೆಯೋದು ಮುಂದಿನ ಎರಡೇ ಚಕ್ರ, ಎತ್ತರವೂ ಮಾಮೂಲಿ ವಿ40ಗಿಂತ ಚೂರೇ ಜಾಸ್ತಿ. ನಮ್ಮ ಧನಗೆರೆ ಕಡೆಯ ಹಂಪುಗಳಿಗೆ ಹೊಟ್ಟೆ ಉಜ್ಜೋದು ಗ್ಯಾರಂಟಿ :)

ಅಪ್ಪನಿಗೆ ಫೋಟೋ ತೋರಿಸಿದೆ. "ವೋಲ್ವೋ ಅಂದ್ರೆ ಬಸ್ಸು ಕನ್ಲಾ! ಅಷ್ಟ್ ದುಡ್ಡಿಗೆ ಇನ್ನೋವಾ ತಕ್ಕಂಡಿದ್ರೆ ಮನೆಮಂದಿಯೆಲ್ಲ ಮಾದಪ್ಪನ್ ಬೆಟ್ಟುಕ್ಕೆ ಹೋಗ್ಬೋದಿತ್ತು" ಅಂದ್ರು.

ಗೆಳೆಯನ ಅಮ್ಮನಿಗೆ ಮಂಡಿನೋವು, ಇದರ ಹಿಂದಿನ ಸೀಟು ಇಕ್ಕಟ್ಟು. ಮೇಲಾಗಿ ವಿ40 ತಯಾರಿಕೆಯೇ 2019ರಲ್ಲಿ ನಿಂತಿದೆ. ಒಂಟಿಯಾಗಿ ಬೆಂಗಳೂರಲ್ಲಿ ಓಡಾಡೋನಾಗಿದ್ರೆ ತಗೋ ಅಂತಿದ್ದೆ. ನಾಳೆ ಅಡ್ವಾನ್ಸ್ ಕೊಡಬೇಕಂತೆ, ಬೇಡ ಅಂದಿದ್ದೀನಿ. ನೀವೇನಂತೀರಿ?