ಮಸಿಯಿಂದ ಎದ್ದ ಮಂದಿರ

ಜಪಾನಿನ ಪುರಾತನ ರಾಜಧಾನಿಯಾದ ನಾರಾ ನಗರದಲ್ಲಿ ಯಾಕುಷಿಜಿ ಎಂಬ ಬೌದ್ಧ ದೇವಾಲಯವುಂಟು. ಆವರಣವನ್ನು ಹೊಕ್ಕವರ ದೃಷ್ಟಿಯನ್ನು ಮೊದಲು ಸೆಳೆಯುವುವು ಅದರ ಎರಡು ಗೋಪುರಗಳು. ಪೂರ್ವದ್ದು ಎಂಟನೆಯ ಶತಮಾನದ್ದು. ಪಶ್ಚಿಮದ್ದು 1981ರಲ್ಲಿ ಮರಳಿ ಕಟ್ಟಿದುದು. ಅವೆರಡರ ಹಿಂದೆ ನಡುವಿನಲ್ಲಿ ಕೆಂಪು ಕಂಬಗಳ ಮುಖ್ಯಮಂದಿರ ನಿಂತಿದೆ. ಇದಕ್ಕೆ ಹಣ ಒದಗಿದ ಬಗೆ ಮಾತ್ರ ಅಪೂರ್ವವಾದುದು. ಅದು ಜನರ ಕೈಬರಹದಿಂದ ಕೂಡಿದ ಹಣ.

ರಾಣಿಯ ರೋಗನಿವಾರಣೆಗಾಗಿ ಭೈಷಜ್ಯಗುರು ಬುದ್ಧನಿಗೆ ಆಲಯ ಕಟ್ಟಿಸುವೆನೆಂದು ಚಕ್ರವರ್ತಿ ತೆಂಮು ಹರಕೆ ಹೊತ್ತದ್ದು 680ರಲ್ಲಿ. ಅದಕ್ಕೆ ಏಳು ವರ್ಷ ಮುಂಚೆಯೇ, 673ರಲ್ಲಿ, ಆತನ ಆಳ್ವಿಕೆಯಲ್ಲಿ ಬೌದ್ಧ ಸೂತ್ರಗಳ ಪ್ರತಿ ಮಾಡುವ ಕಾರ್ಯ ನಡೆದುದನ್ನು ಆ ದೇಶದ ಪ್ರಾಚೀನ ಇತಿಹಾಸಗ್ರಂಥವು ಹೇಳುತ್ತದೆ. ಮುಂದಿನ ಶತಮಾನದಲ್ಲಿ ಸರಕಾರದ ಲೇಖನಶಾಲೆಗಳೇ ಏರ್ಪಟ್ಟವು. ಅಲ್ಲಿಯ ಲಿಪಿಕಾರರಿಗೆ ಹಾಳೆಯ ಲೆಕ್ಕದಲ್ಲಿ ಸಂಬಳ. ಅಕ್ಷರ ತಪ್ಪಿದರೆ ಸಂಬಳದಲ್ಲಿ ಕಡಿತ!

ಇಂದು ಅಂಥ ದಂಡದ ಭಯವಿಲ್ಲ. ಬರೆಯ ಬಂದವರು ಕೊರಳಿಗೆ ಚಿಕ್ಕ ಉತ್ತರೀಯವನ್ನು ಹಾಕಿಕೊಂಡು, ಬಾಯಲ್ಲಿ ಒಂದು ಲವಂಗವನ್ನಿಟ್ಟುಕೊಂಡು, ಆನೆಯಾಕಾರದ ಧೂಪಪಾತ್ರೆಯನ್ನು ದಾಟಿ ಒಳಗೆ ಹೋಗುತ್ತಾರೆ. ಕಾಡಿಗೆ ಮತ್ತು ಅಂಟಿನಿಂದ ಮಾಡಿದ ಮಸಿಯ ಕಡ್ಡಿಯನ್ನು ನೀರು ಹಾಕಿದ ಕಲ್ಲಿನ ಮೇಲೆ ಮೆಲ್ಲಗೆ ತೇಯುತ್ತಾರೆ. ಮೂಲಪ್ರತಿಯ ಮೇಲೆ ತೆಳುವಾದ ಕಾಗದವನ್ನು ಹರಡಿ, ನಮ್ಮಲ್ಲಿ ಮಕ್ಕಳು ಅಕ್ಷರ ತಿದ್ದುವಂತೆ ಕುಂಚದಿಂದ ತಿದ್ದುತ್ತಾರೆ. ಅವಸರಪಟ್ಟರೆ ಗೆರೆ ಒಡೆಯುತ್ತದೆ. ಅನುಮಾನಿಸಿ ನಿಂತರೆ ಮಸಿ ಹರಡುತ್ತದೆ. ಮನಸ್ಸು ಎಲ್ಲಿ ಅಲೆಯಿತೆಂಬುದನ್ನು ಕಾಗದವೇ ತೋರಿಸಿಕೊಡುತ್ತದೆ. ಸುಮಾರು 270 ಅಕ್ಷರಗಳ ಪ್ರಜ್ಞಾಪಾರಮಿತಾ ಹೃದಯಸೂತ್ರ ಮುಗಿಯುವಷ್ಟರಲ್ಲಿ ಗಂಟೆಯೊಂದು ಕಳೆದಿರುತ್ತದೆ. ಇದನ್ನು ಧ್ಯಾನವೆನ್ನದೆ ಮತ್ತೇನೆನ್ನಬೇಕು?

ಪ್ರಾಚೀನ ಮುಖ್ಯಮಂದಿರವು 1528ರ ಯುದ್ಧದ ಬೆಂಕಿಗೆ ಆಹುತಿಯಾಯಿತು. ಕಂಚಿನ ಬುದ್ಧಮೂರ್ತಿ ಉಳಿದರೂ ನಾಲ್ಕು ಶತಮಾನಗಳ ಕಾಲ ಅದಕ್ಕೆ ತಕ್ಕ ನೆಲೆಯಿರಲಿಲ್ಲ. 1968ರಲ್ಲಿ ದೇವಾಲಯದ ಮುಖ್ಯಸ್ಥ ತಕಾದಾ ಕೋಯಿನ್ ಜನರ ಮುಂದೆ ಒಂದು ಯೋಜನೆಯನ್ನಿಟ್ಟರು: ಒಬ್ಬೊಬ್ಬರು ಸೂತ್ರದ ಒಂದು ಪ್ರತಿ ಬರೆದು, ಅದರೊಡನೆ 1000 ಯೆನ್ ಕಾಣಿಕೆ ಕೊಡಬೇಕು, ಗುರಿ ಹತ್ತು ಲಕ್ಷ ಪ್ರತಿಗಳು. ಅತಿವೇಗದ ರೈಲು ಓಡತೊಡಗಿ ನಾಲ್ಕೇ ವರ್ಷವಾಗಿದ್ದ ದೇಶದಲ್ಲಿ ಗಂಟೆಗಟ್ಟಲೆ ಕುಳಿತು ಬರೆಯುವವರು ಯಾರು? ಜನ ಬರೆದರು. 1976ರಲ್ಲಿ ಮಂದಿರ ಎದ್ದು ನಿಂತಿತು.

ಈ ಸೂತ್ರದ ಚೀನೀ ಪಾಠವನ್ನು ಪರಂಪರೆಯು ಹ್ಯೂಯೆನ್ ತ್ಸಾಂಗನ ಅನುವಾದವೆಂದು ಹೇಳುತ್ತದೆ. ಇಮ್ಮಡಿ ಪುಲಕೇಶಿಯ ಚಾಲುಕ್ಯ ರಾಜ್ಯವನ್ನು ಕಂಡು ವರ್ಣಿಸಿದ ಯಾತ್ರಿಕನೇ ಆತ. ಯಾಕುಷಿಜಿಯ ಸಂಪ್ರದಾಯವು ಆತನನ್ನು ಮೂಲಗುರುವೆಂದು ಗೌರವಿಸುತ್ತದೆ. ಅಲ್ಲಿ 1991ರಲ್ಲಿ ಆತನ ಹೆಸರಿನ ಆಲಯವೂ ಎದ್ದಿತು.

ಜನರು ಬರೆದ ಪ್ರತಿಗಳನ್ನು ಮುಖ್ಯಮಂದಿರದ ಮೇಲ್ಭಾಗದಲ್ಲಿ ಕಾಪಾಡಿಡಲಾಗಿದೆ. ಪಳಗಿದ ಕೈಯ ಬರಹಕ್ಕೂ ನಡುಗುವ ಕೈಯ ಬರಹಕ್ಕೂ ಅಲ್ಲಿ ಒಂದೇ ಸ್ಥಾನ. ಸೊಟ್ಟ ಅಕ್ಷರವೆಂದು ಯಾರದನ್ನೂ ಅಲ್ಲಿ ಹಿಂದಿರುಗಿಸುವುದಿಲ್ಲ.